ಗಡಿಯಾರ ಕಂಬದ ಹತ್ತಿರದ ಬೈಂಡಿಂಗ್ ಅಂಗಡಿ: ಮನೆಯಲ್ಲಿ ಹಳೆ ಕಾಗದ ಇದ್ದವರು ಓದಿ

ದಾವಣಗೆರೆಯಲ್ಲಿ ಸ್ಕ್ಯಾನ್ ಮಾಡಿಕೊಡುವ ಅಂಗಡಿಗಳಿಗೆ ಬರ ಇಲ್ಲ. ಕಾಲೇಜು, ಕೋರ್ಟು, ತಾಲ್ಲೂಕು ಕಚೇರಿ ಎಲ್ಲಿದೆಯೋ ಅಲ್ಲೆಲ್ಲ ಸಾಲು ಸಾಲು ಇವೆ. ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಪಹಣಿಗೆ ಅವೇ ಸಾಕು. ಆದರೆ ಎಂಬತ್ತು ವರ್ಷದ ಹಿಂದಿನ ಕಾಗದ, ಮಡಿಕೆ ಬಿಚ್ಚಿದರೆ ಹರಿಯುವಂಥದ್ದು, ಇಂಕು ಮಾಸಿದ್ದು ಇದ್ದರೆ ಅಲ್ಲಿಗೆ ಒಯ್ಯಬೇಡಿ. ಮಂಡಿಪೇಟೆಯೊಳಗೆ, ಗಡಿಯಾರ ಕಂಬದಿಂದ ನಡೆದೇ ಹೋಗಬಹುದಾದ ಕಡೆ ಒಂದು ಬೈಂಡಿಂಗ್ ಅಂಗಡಿ ಇದೆ. ಬೋರ್ಡಿನಲ್ಲಿ ‘ಬೈಂಡಿಂಗ್ ವರ್ಕ್ಸ್’ ಅನ್ನುವಷ್ಟು ಮಾತ್ರ ಉಳಿದಿದೆ, ಅದರ ಹಿಂದಿನ ಹೆಸರನ್ನು ಬಿಸಿಲು ತಿಂದಿದೆ. ‘ಕಿರ್ದಿ ಪುಸ್ತಕ ಕಟ್ಟೋ ಚಾಚಾ ಎಲ್ಲಿ’ ಅಂತ ಕೇಳಿ, ಯಾರಾದರೂ ಕೈ ತೋರಿಸುತ್ತಾರೆ.

ಚಾಚಾ ಅವರ ಅಸಲಿ ಕಸುಬು ಮಂಡಿ ವರ್ತಕರ ಲೆಕ್ಕದ ಪುಸ್ತಕ ಕಟ್ಟುವುದು. ಕಿರ್ದಿ, ಖಾತೆ, ರಶೀದಿ ಕಟ್ಟು. ಎಲ್ಲರೂ ಕಂಪ್ಯೂಟರ್ ಲೆಕ್ಕಕ್ಕೆ ಹೋದ ಮೇಲೆ ಕೆಲಸ ಕಡಿಮೆಯಾಯಿತು. ಮಗ ಒಂದು ಫ್ಲಾಟ್‌ಬೆಡ್ ಸ್ಕ್ಯಾನರ್ ತಂದಿಟ್ಟ. ಜೊತೆಗೆ ಕಬ್ಬಿಣದ ಸ್ಟ್ಯಾಂಡಿಗೆ ಕ್ಯಾಮೆರಾ ಕೆಳಮುಖವಾಗಿ ಕಟ್ಟಿ, ಎರಡೂ ಕಡೆ ಓರೆಯಾಗಿ ದೀಪ ಹಾಕಿ, ಕೆಳಗೆ ಒಂದು ಗಾಜು ಇಟ್ಟಿದ್ದಾನೆ. ನೋಡಲು ಅಷ್ಟೇನೂ ಚೆಂದ ಇಲ್ಲ. ಅಂಟಿನ ವಾಸನೆ, ಕುರ್ಚಿ ಒಂದೇ, ಫ್ಯಾನು ಬರೀ ಸದ್ದು ಮಾಡುತ್ತದೆ.

ನಾನು ಅಲ್ಲಿಗೆ ಒಯ್ದದ್ದು ನಮ್ಮ ದೊಡ್ಡಜ್ಜಿಯ ಕಾಗದಗಳನ್ನು. ದೊಡ್ಡಜ್ಜಿ ಅಂದರೆ ನನ್ನ ಅಜ್ಜಿಯ ಅಕ್ಕ. ಎರಡನೇ ಮಹಾಯುದ್ಧದಲ್ಲಿ ಮಿಲಿಟರಿ ನರ್ಸ್ ಆಗಿದ್ದರು. ಮದುವೆಯಾಗಲಿಲ್ಲ. ಕೊನೆಗಾಲದಲ್ಲಿ ಚಿತ್ರದುರ್ಗದಲ್ಲಿ ನಮ್ಮ ಅಜ್ಜಿಯ ಜೊತೆಗಿದ್ದರು. ಹಡಗಿನಲ್ಲಿ ಹೋಗಿದ್ದೆ, ಮರಳುಗಾಡು ನೋಡಿದ್ದೆ, ಬರ್ಮಾ ಗಡಿಯಲ್ಲಿ ಮಳೆಯಲ್ಲಿ ನೆನೆದೆ ಅಂತ ಚೂರುಪಾರು ಹೇಳುತ್ತಿದ್ದರಂತೆ. ಯಾವ ವರ್ಷ, ಯಾವ ಊರು, ಯಾವುದು ಮೊದಲು, ಯಾವುದು ಆಮೇಲೆ? ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಳಿದದ್ದು ಒಂದು ತಗಡಿನ ಟ್ರಂಕು. ಅದರಲ್ಲಿ ಕೆಲವು ಫೋಟೋ, ಲಕೋಟೆ, ಒಂದು ಆಟೋಗ್ರಾಫ್ ಪುಸ್ತಕ, ಎದೆಗೆ ಚುಚ್ಚಿಕೊಳ್ಳುವ ರಿಬ್ಬನ್ ಪಟ್ಟಿ, ಮತ್ತೆ ತಂತಿಗೆ ಚುಚ್ಚಿಟ್ಟ ಮನಿಯಾರ್ಡರ್ ಕೂಪನ್‌ಗಳ ದೊಡ್ಡ ಗೊಂಚಲು.

ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಆಯ್ತಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದೇ ಕಷ್ಟ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಬಹಳ ಒಳ್ಳೆಯದು. ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಜನರ ಹೆಸರು ಅಲ್ಲಿದೆ, ದುಡ್ಡು ಕೊಡಬೇಕಿಲ್ಲ. ಆದರೆ ಅದು ಸತ್ತವರ ಪಟ್ಟಿ. ಎರಡನೇ ಯುದ್ಧಕ್ಕೆ ಅವರು ಲೆಕ್ಕ ಹಿಡಿಯುವುದು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ. ಅದರ ನಂತರವೂ ಬದುಕಿದ್ದ ನರ್ಸ್ ಅಲ್ಲಿ ಸಿಗುವುದಿಲ್ಲ. ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯುಓ 399 ಅಂತ ನರ್ಸ್‌ಗಳ ಕಡತಗಳ ಸರಣಿ ಇದೆ. ಅದು ಮೊದಲನೇ ಯುದ್ಧದವರದ್ದು. ನಮ್ಮ ದೊಡ್ಡಜ್ಜಿಯಂಥವರಿಗೆ ಮನೆಯ ಟ್ರಂಕೇ ಮೊದಲ ಆರ್ಕೈವ್ಸ್.

ಇಲ್ಲಿಗೆ ಹೋಗುವ ಮುಂಚೆ ಒಂದು ಅನಾಹುತ ಆಗಿತ್ತು. ನನ್ನ ಸೋದರಮಾವನ ಮಗ, ಪಾಪ ಒಳ್ಳೆ ಮನಸ್ಸಿನಿಂದಲೇ, ಎರಡು ಫೋಟೋ ತೆಗೆದುಕೊಂಡು ಹೋಗಿ ಬೇರೊಂದು ಸ್ಟುಡಿಯೋದಲ್ಲಿ ‘ರಿಪೇರಿ’ ಮಾಡಿಸಿದ್ದ. ಯಾವ ಸ್ಟುಡಿಯೋ ಅಂತ ಬೇಡ. ದೊಡ್ಡಜ್ಜಿಯ ಮುಖ ಸೀರೆ ಅಂಗಡಿ ಜಾಹೀರಾತಿನ ಹುಡುಗಿ ಥರ ನುಣುಪಾಗಿ ಬಂತು. ಕಪ್ಪು ಬಿಳುಪಿಗೆ ಬಣ್ಣ ಬಂತು. ಎದೆ ಮೇಲಿನ ರಿಬ್ಬನ್‌ಗಳು ಹಸಿರು, ನೇರಳೆ ಆದವು. ಎಲ್ಲದಕ್ಕಿಂತ ಹೆಚ್ಚಿನ ಹಾನಿ ಅಂದರೆ, ಒಂದು ಅಸಲಿ ಫೋಟೋಗೆ ಲ್ಯಾಮಿನೇಷನ್ ಹಾಕಿಬಿಟ್ಟಿದ್ದರು. ಹಿಂಬದಿಗೆ ಬಿಳಿ ಹಾಳೆ ಅಂಟಿಸಿ, ಅದರ ಮೇಲೆ ಪ್ಲಾಸ್ಟಿಕ್. ಹಿಂದೆ ಏನು ಬರೆದಿತ್ತೋ ದೇವರಿಗೇ ಗೊತ್ತು.

ಚಾಚಾ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. “ಇದನ್ನ ಬಿಚ್ಚಾಕ್ ಹೋಗ್ಬೇಡ್ರಿ ಮೇಡಂ. ಬಿಸಿ ಮಾಡಿ ಅಂಟ್ಸಿದ್ದು. ಬಿಚ್ಚಿದ್ರೆ ಫೋಟೋನೇ ಎದ್ದು ಬರ್ತದೆ” ಅಂದರು. ಮುಂದಿನಿಂದ ಮಾತ್ರ ತೆಗೆದುಕೊಟ್ಟು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಊರುಗಳಲ್ಲಿ ಬೆಲೆಬಾಳುವ ಕಾಗದ ಅಂದರೆ ಲ್ಯಾಮಿನೇಷನ್ ಮಾಡಿಸುವುದು ಒಂದು ಚಟ ಆಗಿಬಿಟ್ಟಿದೆ, ಅಲ್ವಾ? ದಯವಿಟ್ಟು ಬೇಡ.

ಈ ಅಂಗಡಿಯವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಅವರು ಏನನ್ನೂ ಚೆಂದ ಮಾಡುವುದಿಲ್ಲ. ಕಲೆ ಇದ್ದರೆ ಕಲೆ ಸಮೇತ. ಹರಿದಿದ್ದರೆ ಹರಿದ ಹಾಗೇ. ಫೋಟೋದ ಮುಂದೆ ಒಂದು ಸ್ಕ್ಯಾನ್, ಹಿಂದೆ ಒಂದು ಸ್ಕ್ಯಾನ್, ಹಿಂಬದಿ ಖಾಲಿ ಕಂಡರೂ ಸರಿ. ನಾನು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಲೇಬಲ್ ಒರೆಸಿಹೋದ ಸ್ಯಾಂಪಲ್ ಎಷ್ಟೇ ಚೊಕ್ಕವಾಗಿದ್ದರೂ ಚೆಲ್ಲುವುದೊಂದೇ ದಾರಿ. ಫೋಟೋ ಕತೆಯೂ ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ಮೂರು ನರ್ಸ್‌ಗಳು ಕುರ್ಚಿಯಲ್ಲಿ ಕೂತ ಒಂದು ಸ್ಟುಡಿಯೋ ಫೋಟೋ. ಹಿಂದೆ ಏನೂ ಕಾಣುತ್ತಿರಲಿಲ್ಲ. ಸ್ಕ್ಯಾನರಿನಲ್ಲೂ ಬರಲಿಲ್ಲ. ಚಾಚಾ ಅವರ ಮಗ ಅದನ್ನು ಸ್ಟ್ಯಾಂಡಿನ ಕೆಳಗಿಟ್ಟು, ದೀಪ ಎರಡೂ ಆರಿಸಿ, ಮೊಬೈಲ್ ಟಾರ್ಚನ್ನು ಫೋಟೋದ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಹಿಡಿದ. ಓರೆ ಬೆಳಕಿಗೆ ಒತ್ತು ಮುದ್ರೆಯ ನೆರಳು ಎದ್ದಿತು. ಇಂಕಿಲ್ಲದ ಮುದ್ರೆ, ಕಾಗದವನ್ನೇ ಒತ್ತಿದ್ದು. ಸ್ಟುಡಿಯೋ ಹೆಸರು ಅರ್ಧ, ಅದರ ಕೆಳಗೆ ಇಂಗ್ಲಿಷಿನಲ್ಲಿ ‘ಅಶಾರ್, ಬಸ್ರಾ’. ಅಶಾರ್ ಅಂದರೆ ಇರಾಕಿನ ಬಸ್ರಾ ಊರಿನ ಪೇಟೆ ಭಾಗ. ದೊಡ್ಡಜ್ಜಿ ಇರಾಕಿಗೆ ಹೋಗಿದ್ದರು ಅನ್ನುವುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಮರಳುಗಾಡು ಅಂದರೆ ಈಜಿಪ್ಟ್ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 1941ರ ಏಪ್ರಿಲ್ 18ರಂದು ನಮ್ಮ 20ನೇ ಇಂಡಿಯನ್ ಬ್ರಿಗೇಡ್ ಬಸ್ರಾದಲ್ಲಿ ಇಳಿಯಿತು. ಆಮೇಲೆ ಯುದ್ಧ ಮುಗಿಯುವವರೆಗೂ ಇರಾಕ್ ಇರಾನ್ ಕಡೆ ದೊಡ್ಡ ಸೈನ್ಯ ಇತ್ತು. ಸೈನ್ಯ ಹೋದ ಕಡೆ ಆಸ್ಪತ್ರೆ ಹೋಗಲೇಬೇಕು, ನರ್ಸ್‌ಗಳೂ ಹೋಗಲೇಬೇಕು.

ಇನ್ನು ಆ ಮನಿಯಾರ್ಡರ್ ಕೂಪನ್‌ಗಳು. ಹಳೆ ಮನಿಯಾರ್ಡರ್ ಫಾರಂ ನೋಡಿದವರಿಗೆ ಗೊತ್ತು. ಕೆಳಗಿನ ತುಂಡನ್ನು ಹರಿದು ದುಡ್ಡಿನ ಜೊತೆ ಕೊಡುತ್ತಿದ್ದರು. ಅದರಲ್ಲಿ ನಾಲ್ಕು ಸಾಲು ಬರೆಯಲು ಜಾಗ. ದೊಡ್ಡಜ್ಜಿ ತಿಂಗಳು ತಿಂಗಳೂ ದಾವಣಗೆರೆಗೆ ದುಡ್ಡು ಕಳಿಸುತ್ತಿದ್ದರು. ನಮ್ಮ ಅಜ್ಜ ಕಾಟನ್ ಮಿಲ್ಲಿನಲ್ಲಿದ್ದರು, ವಿಳಾಸವೂ ಮಿಲ್ಲಿನದೇ. ಅಜ್ಜಿ ಪ್ರತಿ ಕೂಪನ್ನನ್ನೂ ಗೋಡೆಯ ತಂತಿಗೆ ಚುಚ್ಚಿದ್ದರು. ನಾನು ಗೊಂಚಲನ್ನು ಟೇಬಲ್ ಮೇಲಿಟ್ಟು ಒಂದೊಂದೇ ತೆಗೆಯಲು ಕೈ ಹಾಕಿದ್ದೇ ತಡ, ಚಾಚಾ ತಡೆದರು. “ತಡೀರಿ. ಮಂಡಿಯಾಗೆ ಚೀಟಿ ತಂತಿಯಿಂದ ಹಂಗೆಲ್ಲ ಕೀಳಲ್ಲ. ಕೆಳಗಿರೋದು ಹಳೇದು, ಮೇಲಿರೋದು ಹೊಸದು. ಆ ಸಾಲೇ ಲೆಕ್ಕ.” ಮೊದಲು ಗೊಂಚಲಿನ ಫೋಟೋ ತೆಗೆಸಿದರು. ಆಮೇಲೆ ಒಂದೊಂದು ತೆಗೆದ ಹಾಗೆ ಮೂಲೆಯಲ್ಲಿ ಮೆತ್ತಗಿನ ಪೆನ್ಸಿಲ್‌ನಿಂದ ನಂಬರು ಹಾಕಿದರು. ಪೆನ್ನು ಮುಟ್ಟಲು ಬಿಡಲಿಲ್ಲ.

ಆ ಸಾಲು ಇಲ್ಲದಿದ್ದರೆ ನನಗೆ ಏನೂ ಸಿಗುತ್ತಿರಲಿಲ್ಲ. ಯಾಕೆಂದರೆ ಯುದ್ಧಕಾಲದ ಫೀಲ್ಡ್ ಪೋಸ್ಟ್ ಆಫೀಸಿನ, ಅಂದರೆ ಸೈನ್ಯದ ಜೊತೆಗಿರುವ ಅಂಚೆ ಕಚೇರಿಯ, ಮುದ್ರೆಯಲ್ಲಿ ಊರ ಹೆಸರು ಇರುವುದಿಲ್ಲ. ಬರೀ ನಂಬರು, ತಾರೀಕು. ಶತ್ರುವಿಗೆ ಜಾಗ ತಿಳಿಯಬಾರದು ಅಂತ ಹಾಗೆ. ಕೆಲವು ಮುದ್ರೆಗಳಲ್ಲಿ ತಾರೀಕೂ ಮಸಿ ಹಿಡಿದಿದೆ. ಆದರೆ ಹಿಂದಿನ ಮತ್ತು ಮುಂದಿನ ಕೂಪನ್ ನೋಡಿದರೆ ತಿಂಗಳು ಗೊತ್ತಾಗುತ್ತದೆ. ಇನ್ನೊಂದು ಮಜಾ ಇದೆ. ಕೆಲವು ಕೂಪನ್‌ಗಳ ಮೇಲೆ ದಾವಣಗೆರೆ ಅಂಚೆ ಕಚೇರಿಯ ಮುದ್ರೆಯೂ ಬಿದ್ದಿದೆ. ಹೊರಟ ದಿನ, ತಲುಪಿದ ದಿನ ಎರಡೂ ಸಿಕ್ಕವು. ಮೊದಮೊದಲಿನವು ಬೆಂಗಳೂರಿನಿಂದ, ಎರಡು ಮೂರು ದಿನದಲ್ಲಿ ಬಂದಿವೆ. ಆಮೇಲೆ ಒಂದು ಖಾಲಿ ಕಾಲ, ಕೂಪನ್ನೇ ಇಲ್ಲ. ಅದಾದ ಮೇಲೆ ಬಂದವು ವಾರಗಟ್ಟಲೆ ತಡ. ಸಮುದ್ರ ದಾಟಿ ಬಂದವು. 1944ರ ಹೊತ್ತಿಗೆ ಮತ್ತೆ ಬೇಗ ಬೇಗ ಬರುತ್ತವೆ, ಆದರೆ ಬೆಂಗಳೂರಿನಷ್ಟು ಬೇಗ ಅಲ್ಲ. ದೇಶದೊಳಗೇ ದೂರದ ಜಾಗ. ಇಷ್ಟು ತಿಳಿಯಲು ಯಾವ ದೊಡ್ಡ ದಾಖಲೆಯೂ ಬೇಕಾಗಲಿಲ್ಲ.

ನಂಬರಿನಿಂದ ಊರು ಹಿಡಿಯುವುದು ಬೇರೆ ಕೆಲಸ. ಅಂಚೆ ಮುದ್ರೆ ಸಂಗ್ರಹಿಸುವ ಹವ್ಯಾಸಿಗಳು ಯಾವ ನಂಬರು ಯಾವಾಗ ಎಲ್ಲಿತ್ತು ಅಂತ ಪಟ್ಟಿ ಮಾಡಿದ್ದಾರೆ. ಅವರಿಗೆ ಕಳಿಸಬೇಕಾದರೆ ಮುದ್ರೆ ಸ್ಪಷ್ಟ ಇರಬೇಕು. ಚಾಚಾ ಅಂಗಡಿಯಲ್ಲಿ ಫೋಟೋಗೆ 600 ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ), ಬೆಂಕಿಪೊಟ್ಟಣದಷ್ಟು ಸಣ್ಣ ಫೋಟೋ ಆದರೆ 1200, ಬರಹದ ಕಾಗದಕ್ಕೆ 300 ಹಾಕುತ್ತಾರೆ. ಮುದ್ರೆ ಇರುವ ಕಾಗದಕ್ಕೆ 600 ಕೇಳಿ ಹಾಕಿಸಿಕೊಳ್ಳಿ. ಕಪ್ಪು ಬಿಳುಪು ಕಾಗದವಾದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ನೇರಳೆ ಮುದ್ರೆಯ ಮೇಲೆ ಕಪ್ಪು ಬರಹ ಇದ್ದರೆ ಬಣ್ಣದಲ್ಲಿ ಮಾತ್ರ ಎರಡನ್ನೂ ಬೇರೆ ಮಾಡಿ ನೋಡಬಹುದು. ಚಿತ್ರದ ವಿವರ ಕಳೆಯದೆ ಉಳಿಸುವ ಟಿಫ್ ಫೈಲ್ ಕೇಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಕುಗ್ಗಿಹೋಗುತ್ತದೆ, ಪೆನ್ ಡ್ರೈವ್ ನೀವೇ ಒಯ್ಯಿರಿ.

ರಿಬ್ಬನ್ ಪಟ್ಟಿಯ ಕತೆ ಸ್ವಲ್ಪ ಉದ್ದ ಇದೆ. ಪದಕಗಳು ಎಲ್ಲಿ ಹೋದವೋ, ಪಟ್ಟಿ ಮಾತ್ರ ಉಳಿದಿದೆ, ಅದೂ ಹುಳ ತಿಂದದ್ದು. ಕ್ಯಾಮೆರಾ ಸ್ಟ್ಯಾಂಡಿನ ಕೆಳಗಿಟ್ಟು, ಪಕ್ಕದಲ್ಲಿ ಬಣ್ಣದ ಅಂಗಡಿಯ ಶೇಡ್ ಕಾರ್ಡ್ ಒಂದನ್ನು ಇಟ್ಟು ಫೋಟೋ ತೆಗೆದರು. ಬಣ್ಣ ಹೆಚ್ಚುಕಡಿಮೆ ಬಂದರೆ ಆ ಕಾರ್ಡ್ ನೋಡಿ ಸರಿ ಮಾಡಬಹುದಂತೆ. ಈ ಜಾಣತನಕ್ಕೆ ನಾನು ಸುಮ್ನೆ ನಕ್ಕೆ, ಆದರೆ ಕೆಲಸ ಆಯಿತು. ಒಂದು ರಿಬ್ಬನ್ನಿನಲ್ಲಿ ಕಡು ನೀಲಿ, ಕೆಂಪು, ತಿಳಿ ನೀಲಿ ಮೂರು ಸಮ ಪಟ್ಟೆ. ಅದು 1939–45 ಸ್ಟಾರ್ ಅನ್ನುವ ಯುದ್ಧ ಪದಕದ್ದು. ಇನ್ನೊಂದು ಮಸುಕು ಮರಳು ಬಣ್ಣ, ನಡುವೆ ಕೆಂಪು, ಆಚೀಚೆ ಒಂದು ಕಡು ನೀಲಿ ಒಂದು ತಿಳಿ ನೀಲಿ ಗೆರೆ. ಅದು ಆಫ್ರಿಕಾ ಸ್ಟಾರ್. ಮೂರನೆಯದು ನಡುವೆ ಅಗಲ ಕೆಂಪು, ಎರಡೂ ಕಡೆ ನೀಲಿ, ನೀಲಿಯೊಳಗೆ ಕಿತ್ತಳೆ. ಬರ್ಮಾ ಸ್ಟಾರ್. ಬಣ್ಣ ಹಚ್ಚಿಸಿದ ಫೋಟೋ ನಂಬಿದ್ದರೆ ಇಲ್ಲದ ಯಾವುದೋ ಪದಕ ಹುಡುಕುತ್ತಾ ಕೂರಬೇಕಿತ್ತು. ಚಾಚಾ ಅವರ ಮಗ ಇನ್ನೊಂದು ಮಾತು ಹೇಳಿದ. ಹಿಂದಿನ ಕಾಲದ ಆರ್ಥೋ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ, ಹಾಗಾಗಿ ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಕಂಪ್ಯೂಟರ್ ಬೂದು ನೋಡಿ ಬಣ್ಣ ಊಹಿಸಿದರೆ ತಲೆಕೆಳಗಾಗದೆ ಇನ್ನೇನು?

ಆಫ್ರಿಕಾ ಸ್ಟಾರ್ ಸಿಗಬೇಕಾದರೆ 1940ರ ಜೂನ್ 10ರಿಂದ 1943ರ ಮೇ 12ರೊಳಗೆ ಆ ಕಡೆ ಸೇವೆ ಮಾಡಿರಬೇಕು. ಒಂದು ದಿನ ಇದ್ದರೂ ಸಾಕಿತ್ತು. ಅಂದರೆ ಪದಕ ನೋಡಿ ಎಷ್ಟು ಕಾಲ ಇದ್ದರು ಅಂತ ಹೇಳಲಾಗದು. ಅದನ್ನು ಹೇಳಿದ್ದು ಕೂಪನ್. ಕಾಲುವೆ ದಂಡೆಯಲ್ಲಿ ನಿಂತ ಫೋಟೋದ ಹಿಂದೆ ಪೆನ್ಸಿಲ್‌ನಲ್ಲಿ ‘ಇಸ್ಮಾಯಿಲಿಯ, ಡಿಸೆಂಬರ್ 42’ ಅಂತಿದೆ. ಸೂಯೆಜ್ ಕಾಲುವೆ ಪಕ್ಕದ ಊರು. ಅಲ್ ಅಲಮೈನ್‌ನ ದೊಡ್ಡ ಕಾಳಗ ಶುರುವಾದದ್ದು ಅದೇ ವರ್ಷ ಅಕ್ಟೋಬರ್ 23ಕ್ಕೆ. 4ನೇ ಇಂಡಿಯನ್ ಡಿವಿಷನ್ ಅದರಲ್ಲಿತ್ತು. ಆ ಚಳಿಗಾಲ ದೊಡ್ಡಜ್ಜಿಯ ಕೈ ತುಂಬ ಕೆಲಸ ಇದ್ದಿರಬೇಕು. ಆ ತಿಂಗಳಿನ ಕೂಪನ್ನಿನಲ್ಲಿ ಬರೆದದ್ದು ಮಾತ್ರ ಇಷ್ಟೇ: ಕ್ಷೇಮ, ದುಡ್ಡು ಮುಟ್ಟಿದ್ದಕ್ಕೆ ಬರೆ, ಹುಡುಗಿಗೆ ಸ್ಲೇಟು ಕೊಡಿಸು. ಹುಡುಗಿ ಅಂದರೆ ನನ್ನ ತಾಯಿ.

ಬರ್ಮಾ ಸ್ಟಾರ್ ವಿಷಯದಲ್ಲೂ ಒಂದು ಎಚ್ಚರಿಕೆ. ಅದು ಇದ್ದ ಮಾತ್ರಕ್ಕೆ ಬರ್ಮಾಕ್ಕೇ ಹೋಗಿದ್ದರು ಅಂತಲ್ಲ. ಗೊತ್ತುಮಾಡಿದ ಅವಧಿಯಲ್ಲಿ ಬಂಗಾಳ, ಅಸ್ಸಾಂ ಕಡೆ ಇದ್ದವರಿಗೂ ಸಿಕ್ಕಿದೆ. ನಮ್ಮ ಟ್ರಂಕಿನ ಮುಚ್ಚಳದ ಮೇಲೆ ಹರಿದ ಲೇಬಲ್‌ಗಳು ಒಂದರ ಮೇಲೊಂದು ಅಂಟಿದ್ದವು. ಮೇಲಿನದು ರೈಲಿನದು: ‘ಮಣಿಪುರ್ ರೋಡ್’. ಅದು ಮಣಿಪುರದಲ್ಲಿಲ್ಲ, ದಿಮಾಪುರ ಸ್ಟೇಷನ್ನಿನ ಆಗಿನ ಹೆಸರು. ಕೊಹಿಮಾ ಅಲ್ಲಿಂದ 46 ಮೈಲಿ. 1944ರ ಏಪ್ರಿಲ್ 4ರಿಂದ ಜೂನ್ 22ರವರೆಗೆ ಕೊಹಿಮಾದಲ್ಲಿ ಕಾಳಗ ನಡೆಯಿತು. ಗಾಯಾಳುಗಳನ್ನು ಆ ರಸ್ತೆಯಲ್ಲೇ ಕೆಳಗೆ ತರಬೇಕಿತ್ತು. ಮಳೆಯಲ್ಲಿ ನೆನೆದೆ ಅನ್ನುತ್ತಿದ್ದ ಮಾತಿಗೆ ಜಾಗ ಸಿಕ್ಕಿತು. ಕೆಳಗಿನ ಲೇಬಲ್ ಹಡಗಿನದು, ‘ಪ್ರಯಾಣದಲ್ಲಿ ಬೇಕಿಲ್ಲ’ ಅಂತ ಇಂಗ್ಲಿಷಿನಲ್ಲಿ. ಹಡಗಿನ ತಳದ ಗೋದಾಮಿಗೆ ಹಾಕುವ ಸಾಮಾನಿಗೆ ಅಂಟಿಸುತ್ತಿದ್ದದ್ದು. ಟ್ರಂಕನ್ನು ಆಟೋದಲ್ಲಿ ಅಂಗಡಿಗೆ ತಂದದ್ದು ಇದಕ್ಕೇ. ಬಣ್ಣ ಹೊಡೆಸಿ ಕೊಡಲಾ ಅಂತ ಪಕ್ಕದ ಅಂಗಡಿಯವರು ಕೇಳಿದರು. ಚಾಚಾ ಅವರನ್ನು ಗದರಿಸಿ ಕಳಿಸಿದರು.

ಮನೆಯಲ್ಲಿ ನೇತುಹಾಕಿದ್ದ ದೊಡ್ಡ ಫೋಟೋ ‘ಯುದ್ಧಕ್ಕೆ ಹೊರಟಾಗ ತೆಗೆಸಿದ್ದು’ ಅಂತ ನಮ್ಮ ಅಮ್ಮ ಕೊನೆವರೆಗೂ ಹೇಳುತ್ತಿದ್ದರು. ಅದರಲ್ಲೂ ಎದೆಮೇಲೆ ಬರ್ಮಾ ಸ್ಟಾರ್ ರಿಬ್ಬನ್ ಇದೆ. ಆ ಪದಕ ಘೋಷಣೆಯಾದದ್ದೇ 1945ರ ಮೇ ತಿಂಗಳಲ್ಲಿ. ಹೊರಟಾಗಿನದಲ್ಲ, ವಾಪಸ್ ಬಂದ ಮೇಲಿನ ಫೋಟೋ ಅದು. ಮುಖ ಯಾಕೆ ಅಷ್ಟು ದಣಿದಿದೆ ಅಂತ ಈಗ ಅರ್ಥ ಆಗುತ್ತದೆ. ಆ ರಿಪೇರಿ ಮಾಡಿದವರು ಅಳಿಸಿದ್ದು ಆ ದಣಿವನ್ನೇ.

ಲಕೋಟೆಗಳಲ್ಲಿ ವಿಳಾಸ ಬಿಟ್ಟು ಕಳಿಸಿದವರ ಹೆಸರನ್ನೂ ನೋಡಿ. ಮೊದಲ ಲಕೋಟೆಗಳಲ್ಲಿ ‘ಸಿಸ್ಟರ್’, ಕೊನೆಯವುಗಳಲ್ಲಿ ‘ಲೆಫ್ಟಿನೆಂಟ್’ ಅಂತಿದೆ. 1943ರ ಸುಗ್ರೀವಾಜ್ಞೆಯಲ್ಲಿ ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವೀಸ್‌ನವರಿಗೆ ಅಧಿಕಾರಿ ದರ್ಜೆ ಬಂತು. ತಾರೀಕು ಇಲ್ಲದ ಲಕೋಟೆಯನ್ನು ಹಿಂದೆ ಮುಂದೆ ಇಡಲು ಇದೊಂದು ಗುರುತು ಸಾಕಾಯಿತು. ಹಾಗೇ, ಇಂಗ್ಲಿಷ್ ಪಟ್ಟಿಗಳಲ್ಲಿ ಹುಡುಕುವಾಗ ‘ಚಿತಲ್‌ದ್ರೂಗ್ ಜಿಲ್ಲೆ, ಮೈಸೂರು ಸಂಸ್ಥಾನ’ ಅಂತ ಹುಡುಕಿ. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಆಟೋಗ್ರಾಫ್ ಪುಸ್ತಕಕ್ಕೆ ಚಾಚಾ ಅವರಿಗಿಂತ ಬೇರೆ ಜನ ಸಿಗುತ್ತಿರಲಿಲ್ಲ. ಗಾಯಾಳುಗಳು ವಾರ್ಡಿನಲ್ಲಿ ಬರೆದುಕೊಟ್ಟದ್ದು. ಇಂಗ್ಲಿಷ್, ತಮಿಳು, ಗುರುಮುಖಿ, ಉರ್ದು. ಹೊಲಿಗೆ ಬಿಟ್ಟಿತ್ತು. ಮೊದಲು ಹೊಲಿಯುತ್ತಾರೆ ಅಂದುಕೊಂಡೆ, ಇಲ್ಲ. ಬಿಟ್ಟಿರುವಾಗಲೇ ಹಾಳೆ ಚಪ್ಪಟೆ ಕೂರುತ್ತದೆ ಅಂತ ಮೊದಲು ಫೋಟೋ ತೆಗೆದು, ಆಮೇಲೆ ಹಳೆ ತೂತುಗಳಲ್ಲೇ ದಾರ ಹಾಯಿಸಿ ಹೊಲಿದರು. ಉರ್ದು ಪುಟಗಳನ್ನು ಅವರೇ ಓದಿ ಹೇಳಿದರು. ಒಬ್ಬ ಸಿಪಾಯಿ ಎರಡು ಸಾಲು ಶಾಯರಿ ಬರೆದು, ಕೆಳಗೆ ಕಾಲು ಉಳಿಸಿದ್ದಕ್ಕೆ ಸಲಾಂ ಹೇಳಿದ್ದಾನೆ. ಚಾಚಾ ಅದನ್ನು ಎರಡು ಸಲ ಓದಿದರು. ಕನ್ನಡದ್ದು ಒಂದೇ ಪುಟ. ಮದ್ರಾಸ್ ಸ್ಯಾಪರ್ಸ್ ಅನ್ನುವ ಸೈನ್ಯದ ಎಂಜಿನಿಯರ್ ಪಡೆಯ ಒಬ್ಬ, ಹರಿಹರ ಕಡೆಯವನು. ಆ ಪಡೆಯ ಕೇಂದ್ರ ಬೆಂಗಳೂರಿನಲ್ಲೇ ಇದ್ದದ್ದರಿಂದ ನಮ್ಮ ಕಡೆಯವರು ಅದರಲ್ಲಿ ಇರುತ್ತಿದ್ದರು. ಅಷ್ಟು ದೂರದಲ್ಲಿ ಕನ್ನಡ ಮಾತಾಡುವ ಸಿಸ್ಟರ್ ಸಿಕ್ಕಿದ್ದಕ್ಕೆ ಅವನು ಮೂರು ಪುಟ ಬರೆಯಬೇಕಿತ್ತು. ಬರೆದದ್ದು ಹೆಸರು, ಊರು, ‘ನಮಸ್ಕಾರ’.

ಕೊರತೆ ಇಲ್ಲವೇ ಅಂದರೆ ಇದೆ. ಬೇಗ ಕೊಡುವುದಿಲ್ಲ. ನಾಳೆ ಅಂದರೆ ಮುಂದಿನ ವಾರ. ಫೈಲಿಗೆ ಹೆಸರು ಇಡುವುದಿಲ್ಲ, ಕ್ಯಾಮೆರಾ ಕೊಟ್ಟ ನಂಬರಿನಲ್ಲೇ ಬರುತ್ತದೆ. ಪೆನ್ಸಿಲ್ ನಂಬರಿಗೂ ಫೈಲಿಗೂ ತಾಳೆ ಹಾಕುವ ಹೊತ್ತಿಗೆ ನನಗೆ ಸಾಕುಸಾಕಾಯಿತು. ಪ್ರಿಂಟ್ ಮಾತ್ರ ಅಲ್ಲಿ ಹಾಕಿಸಬೇಡಿ, ಅಂಥಾ ಚೆನ್ನಾಗಿಲ್ಲ. ಬಿಲ್ ಕೊಡುವುದಿಲ್ಲ, ಹರಿದ ಲೆಕ್ಕದ ಹಾಳೆಯಲ್ಲಿ ಬರೆದುಕೊಡುತ್ತಾರೆ. ಕಾರು ನಿಲ್ಲಿಸಲು ಮಂಡಿಪೇಟೆಯಲ್ಲಿ ಜಾಗ ಹುಡುಕುವುದಕ್ಕಿಂತ ಆಟೋ ವಾಸಿ.

ರೇಟು: ಕಾಗದಕ್ಕೆ 10 ರೂಪಾಯಿ, ಫೋಟೋಗೆ 30. ಹಿಂದೆ ಮುಂದೆ ಸೇರಿ ಒಂದೇ ಲೆಕ್ಕ. ಕ್ಯಾಮೆರಾ ಸ್ಟ್ಯಾಂಡಿನಲ್ಲಿ ತೆಗೆಸಿದರೆ 50. ಕಾಗದ ಇಡಲು ಬಟ್ಟೆ ಹೊದಿಸಿದ ರಟ್ಟಿನ ಪೆಟ್ಟಿಗೆ ಮಾಡಿಕೊಡುತ್ತಾರೆ, ನನ್ನದಕ್ಕೆ 450 ಆಯಿತು. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಮಧ್ಯಾಹ್ನ ಊಟಕ್ಕೆ ಶಟರ್ ಇಳಿಸುತ್ತಾರೆ, ಬೆಳಿಗ್ಗೆಯೇ ಹೋಗಿ. ದಸರಾದಿಂದ ದೀಪಾವಳಿವರೆಗೆ ಮಾತ್ರ ಹೋಗಬೇಡಿ. ಹೊಸ ಲೆಕ್ಕದ ಪುಸ್ತಕದ ಪೂಜೆಗೆ ಕಿರ್ದಿ ಬೇಕು ಅನ್ನುವ ವರ್ತಕರು ಈಗಲೂ ಇದ್ದಾರೆ, ಆಗ ನಿಮ್ಮ ಅಜ್ಜಿಯ ಟ್ರಂಕು ಮೂಲೆ ಸೇರುತ್ತದೆ.